ಗೆರೆ ಮೂಡದ ನೀರು

ಮಣಿಕಟ್ಟಿನ ಮೇಲೆ ತಣ್ಣಗೆ ಏನೋ ಇಳಿಯಿತು, ಬೆವರಲ್ಲ, ಬೆವರು ಇಷ್ಟು ತಣ್ಣಗಿರುವುದಿಲ್ಲ, ಅದೂ ಫೆಬ್ರುವರಿಯ ಈ ಬಿಸಿಲಲ್ಲಿ, ಮೌನೇಶ್ವರಿ ಓಡುತ್ತಲೇ ಕೈ ತಿರುಗಿಸಿ ನೋಡಿದಳು – ಹಿಡಿದು ಓಡುತ್ತಿದ್ದ ಉಕ್ಕಿನ ಕೊಳವೆಯ ಬುಡದಿಂದ ಒಂದು ಹನಿ, ಅದರ ಬೆನ್ನಿಗೇ ಇನ್ನೊಂದು, ಜಾರಿ ಮುಂಗೈಗೆ ಬಂದು ಅಲ್ಲಿಂದ ಮೊಣಕೈಗೆ ಹೊರಟಿದೆ, ಅಯ್ಯೋ ಸೀಸೆ ಸೋರುತ್ತಿದೆ, ಊರ ನೀರು ಸೋರಿಹೋಗುತ್ತಿದೆ, ಅವಳು ಕೊಳವೆಯನ್ನು ತಟ್ಟನೆ ಬುಡಮೇಲು ಮಾಡಿ ಹಿಡಿದಳು, ಕಾಲು ಮಾತ್ರ ನಿಲ್ಲಲಿಲ್ಲ, ಎಡ ಬಲ ಎಡ ಬಲ, ಕಲ್ಲೂರು ಹಿಂದೆ ಬಿದ್ದು ಐದು ಕಿಲೋಮೀಟರ್ ಆಗಿರಬೇಕು, ಮಾನ್ವಿಗೆ ಇನ್ನೂ ಹತ್ತಕ್ಕೂ ಮೇಲೆ, ರಸ್ತೆಯ ಎರಡೂ ಬದಿಯ ಜಾಲಿ ಮುಳ್ಳಿಗೆ ಲಾರಿಗಳಿಂದ ಉದುರಿದ ಹತ್ತಿ ಸಿಕ್ಕಿಕೊಂಡು ಗಿಡಗಳೆಲ್ಲ ಮುದುಕರಾಗಿವೆ. ಕೀನ್ಯಾದಿಂದ ಹೊರಟ ಓಟ ಇದು, ನೆಲ ಸಿಕ್ಕಲ್ಲಿ ಓಡಿ, ಸಮುದ್ರ ಸಿಕ್ಕಲ್ಲಿ ವಿಮಾನ ಹತ್ತಿ, ಐದು ದೇಶ ದಾಟಿ ರಾಯಚೂರಿಗೆ ಬಂದಿದೆ, ಇಲ್ಲಿಂದ ದಕ್ಷಿಣಕ್ಕೆ ಓಡಿ ಶ್ರೀಲಂಕಾದ ತುದಿ ಮುಟ್ಟಬೇಕು, ಕೊಳವೆ ಒಂದೇ, ಕೈ ಮಾತ್ರ ಬೇರೆ ಬೇರೆ, ಅದರೊಳಗೆ ಓಡುವವರ ಊರಿನ ನೀರು ಒಂದು ಪುಟ್ಟ ಸೀಸೆಯಲ್ಲಿ, ಒಬ್ಬೊಬ್ಬರು ಓಡುವ ತುಂಡು ಮುಗಿದ ಕಡೆ ಸೀಸೆ ಪೆಟ್ಟಿಗೆ ಸೇರುತ್ತದೆ, ಪೆಟ್ಟಿಗೆ ಪರೀಕ್ಷೆಗೆ ಹೋಗುತ್ತದೆ, ನೀರು ಕೆಟ್ಟಿದೆ ಅಂತ ಬಂದ ಊರಿಗೆ ಓಟದವರೇ ಬಂದು ಶುದ್ಧ ನೀರಿನ ಘಟಕ ಕಟ್ಟಿಸಿ ಹತ್ತು ವರ್ಷ ನಡೆಸಿಕೊಡುತ್ತಾರೆ, ನೀರು ಚೆನ್ನಾಗಿದೆ ಅಂತ ಬಂದರೆ ಆ ಊರಿನ ಹೆಸರಿಗೆ ಅಡ್ಡಗೀಟು. ಅಷ್ಟೇ ಲೆಕ್ಕ. ಅದಕ್ಕೇ ಅವಳು ಓಡುತ್ತಿರುವುದು.

ಗಾಳಿ ಬಿಸಿಯಾಗಿ ಎದುರು ಬರುತ್ತಿತ್ತು, ಕೊಳವೆಯ ಮೇಲಿನ ಒದ್ದೆ ನೋಡನೋಡುತ್ತ ಒಣಗಿತು, ಈಗ ಮೂಡುತ್ತದೆ ಬಿಳಿ ಗೆರೆ ಅಂದುಕೊಂಡಳು, ಅವಳ ಊರ ನೀರು ಒಣಗಿದ ಕಡೆಯೆಲ್ಲ ಸುಣ್ಣದ ಹಾಗೆ ಬಿಳಿ ಗೆರೆ ಎಳೆದೇ ಹೋಗುವುದು, ದೇವದುರ್ಗದಿಂದ ಅರ್ಧ ಗಂಟೆ ಒಳಗಿರುವ ಊರು, ನದಿ ಕೂಗಳತೆಯಲ್ಲಿದ್ದರೂ ಕುಡಿಯಲು ಬೋರಿನ ಸವಳು ನೀರೇ ಗತಿ, ತಂಬಿಗೆ, ಬಿಂದಿಗೆ, ಬಚ್ಚಲಕಲ್ಲು, ತೊಳೆದ ಕೂದಲು, ಯಾವುದನ್ನೂ ಬಿಡುವುದಿಲ್ಲ ಆ ಗೆರೆ, ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸಾಕಾಗಿ, ಸಾಯ್ಲಿ ಅದು, ನನ್ನ ಸಂಗಾಟ ಮಣ್ಣಾಗ ಬರಲಿ, ಅನ್ನುತ್ತಿದ್ದಳು. ಮೌನೇಶ್ವರಿಯ ಹಲ್ಲಿನ ಮೇಲೂ ಅದೇ ಗೆರೆ, ಆದರೆ ಅಲ್ಲಿ ಬಿಳಿಯಲ್ಲ, ಕಂದು, ಮೇಲಿನ ಸಾಲಿನ ಆರು ಹಲ್ಲಿಗೆ ಅಡ್ಡಡ್ಡ ಯಾರೋ ಬೀಡಿಯಿಂದ ಸುಟ್ಟ ಹಾಗೆ, ಮೂಳೆಯೊಳಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಅಪ್ಪ ಪಕೀರಪ್ಪ ಕತ್ತು ತಿರುಗಿಸಲಾರ, ಯಾರಾದರೂ ಕರೆದರೆ ಕುಂತಲ್ಲಿಂದ ಎದ್ದು ಇಡೀ ಮೈ ತಿರುಗಿಸಿಕೊಂಡು ಏನ್ರೀ ಅನ್ನುತ್ತಾನೆ, ಐವತ್ತಕ್ಕೇ, ನೋಡುವವರಿಗೆ ನಗು ಬರುತ್ತದೆ. ಅವಳು ಕೊಳವೆ ನೋಡಿದಳು. ಒಣಗಿತ್ತು. ಗೆರೆ ಮೂಡಿರಲಿಲ್ಲ. ಇನ್ನೊಂದು ಹನಿ ಬೇಕೆಂದೇ ಇಳಿಸಿದಳು, ಕಣ್ಣು ಅದರ ಮೇಲೆ, ಕಾಲು ಹೆದ್ದಾರಿಯ ಮೇಲೆ, ಹನಿ ಇಳಿಯಿತು, ಒಣಗಿತು, ಉಕ್ಕು ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಥಳಥಳ, ಮೂರನೆಯ ಹನಿಯನ್ನು ನಾಲಿಗೆಗೆ ಬಿಟ್ಟುಕೊಂಡಳು – ಸಪ್ಪೆ. ಉಪ್ಪಿಲ್ಲ, ಒಗರಿಲ್ಲ, ಇಪ್ಪತ್ತಾರು ವರ್ಷ ಕುಡಿದ ನೀರು ನಾಲಿಗೆಗೆ ತಿಳಿಯದೆ ಇದ್ದೀತೇ, ಇದು ಕ್ಯಾನಿನ ನೀರು, ಪಕ್ಕದ ಊರಿನಿಂದ ಪೀರಾ ಸಾಬ್ ತನ್ನ ಆಟೋದಲ್ಲಿ ಹೇರಿಕೊಂಡು ಬರುವ ನೀಲಿ ಕ್ಯಾನಿನ ನೀರು. ಯಾರೋ ಬದಲಿಸಿದ್ದಾರೆ.

ಯಾರೋ ಏನು ಯಾರೋ, ಆನಂದ ಸರ್. ಇನ್ಯಾರು. ಉಸಿರಿನ ಲಯ ತಪ್ಪಿತು, ಎರಡು ಹೆಜ್ಜೆಗೆ ಒಂದು ಉಸಿರು ಅಂತ ಅವರೇ ಕಲಿಸಿದ್ದು, ಹೈಸ್ಕೂಲಿನ ಪಿಟಿ ಮಾಸ್ತರು, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಬಸ್ಸು ತಪ್ಪುತ್ತದೆಂದು ಓಡುತ್ತಿದ್ದ ಹುಡುಗಿಯನ್ನು ನೋಡಿ ಕೊಡ ಇಳಿಸಿ ಓಡಿದ್ರ ಹೆಂಗ ಓಡ್ತಿ ಬೇ ನೀನು ಎಂದವರು, ತಾಲ್ಲೂಕು, ಜಿಲ್ಲೆ, ಕಲಬುರಗಿ, ಮೈಸೂರು, ಎಲ್ಲ ಕಡೆ ಸೈಕಲ್ಲಿನಂತೆ ತಳ್ಳಿಕೊಂಡು ಹೋದವರು, ದೇವರ ಪಕ್ಕ ಕೂರಿಸಿದ್ದಳು ಅವರನ್ನು. ಆ ದೇವರೇ ಮೊನ್ನೆ ನಗು ಎಂದಿತ್ತು, ಬಾಯಿ ತುಂಬ ನಗು ಮೌನಾ, ಫೈಲಿಗೆ ಒಂದು ಫೋಟೋ ಬೇಕಾಗೇದ, ಅವಳು ಎಂದೂ ಕೈ ಅಡ್ಡ ಹಿಡಿಯದೆ ನಕ್ಕವಳಲ್ಲ, ಸರ್ ಅಲ್ಲವೇ ಎಂದು ನಕ್ಕಿದ್ದಳು, ಇವತ್ತು ಬೆಳಿಗ್ಗೆ ರಾಯಚೂರಿನ ಮೈದಾನದ ಗೇಟಿನಲ್ಲಿ ಆಟೋ ಇಳಿದರೆ ಹತ್ತು ಅಡಿ ಎತ್ತರದ ಬ್ಯಾನರು, ಅದರ ತುಂಬ ಅವಳ ಬಾಯಿ, ಅವಳ ಆರು ಹಲ್ಲು, ಕೆಳಗೆ ಈ ನಗುವಿಗೆ ಬೇಕು ಶುದ್ಧ ನೀರು ಅಂತ ಕೆಂಪಕ್ಷರ, ಕಾಲೇಜು ಹುಡುಗರು ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು, ಒಬ್ಬ ಅವಳನ್ನೂ ಬ್ಯಾನರನ್ನೂ ನೋಡಿ, ಲೇ ಇಕಿನ ಲೇ, ಅಂದ. ಸರ್ ಅವಳ ಮುಖ ನೋಡದೆ, ಜನಕ್ಕ ಕಣ್ಣಿಗೆ ಹೊಡದಂಗ ಕಾಣಬೇಕಂದ್ರು ಮೌನಾ, ಅದಕ ಹಾಕೇವಿ, ಕೊಡು ಇಲ್ಲಿ ನಿನ್ನ ಸೀಸಿ, ಲೇಬಲ್ ಹಚ್ಚತೀನಿ, ಎಂದು ಸೀಸೆ ಇಸಿದುಕೊಂಡು ವೇದಿಕೆಯ ಹಿಂದೆ ಹೋದವರು ಹತ್ತು ನಿಮಿಷ ಬರಲಿಲ್ಲ. ಹತ್ತು ನಿಮಿಷ ಸಾಕು. ವೇದಿಕೆಯ ಮೇಲೆ ದೊಡ್ಡವರು ಸೀಸೆಯನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವವರಿದ್ದರು, ತಳದಲ್ಲಿ ಗಸಿ ಕಂಡರೆ ಅವರಿಗೆ ಮುಜುಗರ, ಒಮ್ಮೆ ಮಾರಿದವನಿಗೆ ಇನ್ನೊಮ್ಮೆ ಮಾರಲು ಎಷ್ಟು ಹೊತ್ತು.

ಸರ್ ಅವರ ಮೋಟಾರ್‌ಸೈಕಲ್ಲು ಹಿಂದಿನಿಂದ ಬಂದು ಪಕ್ಕಕ್ಕೆ ಸರಿಯಿತು, ಹಿಂದೆ ಸಿಕ್ಕಿಸಿದ ನೀಲಿ ಬಾವುಟ ಪಟಪಟ, ಯಾಕ ಮೌನಾ, ಸ್ಪೀಡ್ ಕಡಿಮಿ ಆತು, ಹೊಟ್ಟಿ ಹಿಡದದೇನು, ಎಂದರು, ಅವಳಿಗೆ ಅಳು ಬರುವ ಹಾಗಿತ್ತು, ಅಳುತ್ತ ಓಡಲಾಗುವುದಿಲ್ಲ ಎಂಬುದೂ ಅವರು ಕಲಿಸಿದ್ದೇ. ಸರ್, ಸೀಸೇದಾಗಿನ ನೀರು ಬದಲಿ ಮಾಡೀರೇನ್ರಿ. ಏನ್ ಮಾತಾಡಾಕತ್ತಿ, ಬಿಸಲು ತಲಿಗೇರೇದೇನು. ಇದು ನಮ್ಮೂರ ನೀರಲ್ರಿ ಸರ್, ನಾ ಕುಡದು ನೋಡೀನಿ, ಖರೇ ಹೇಳ್ರಿ. ಬೈಕು ಒಮ್ಮೆ ಅತ್ತಿತ್ತ ಹೊಯ್ದಾಡಿತು, ಸರ್ ಅವಳನ್ನೇ ನೋಡಿದರು, ಕಣ್ಣು ತಪ್ಪಿಸಲಿಲ್ಲ, ಬೆಳಿಗ್ಗೆ ಬ್ಯಾನರಿನ ಮುಂದೆ ತಪ್ಪಿಸಿದ ಕಣ್ಣು ಈಗ ತಪ್ಪಿಸಲಿಲ್ಲ – ನನ್ನ ಮಗಳ ಆಣಿ ಮಾಡಿ ಹೇಳ್ತೀನಿ, ಮುಚ್ಚಳ ಸೈತ ಮುಟ್ಟಿಲ್ಲ ನಾನು, ಅಂಟು ಸಿಗಲಿಲ್ಲ ಅಂತ ತಡಾ ಆತು, ಲೇಬಲ್ ಹೊರಗ ಹಚ್ಚಿ ತಂದುಕೊಟ್ಟೆ, ಬ್ಯಾನರ್ ಹಾಕಿದ್ದು ನಂದ ತಪ್ಪು, ಕೇಳದ ಹಾಕಿದ್ದು ತಪ್ಪು, ಆದ್ರ ನೀರಿನ ವಿಷಯದಾಗ ನಾನು ಹಂಗ ಮಾಡ್ತೀನೇನು, ನಮ್ಮಪ್ಪ ಹೆಂಗ ತೆವಳಿಕೋತ ಸತ್ತಾನ ನೀನು ನೋಡಿಲ್ಲೇನು. ನೋಡಿದ್ದಳು. ಸರ್ ಕೂಡ ಅದೇ ಊರಿನವರು, ಅದೇ ಬೋರಿನ ನೀರು. ಮುಂದೆ ಹೋಗ್ರಿ ಸರ್, ಎಂದಳು. ಅವರು ಹೋಗಲಿಲ್ಲ, ಸ್ವಲ್ಪ ಹಿಂದೆ ಬಿದ್ದು, ಬಯ್ಯಿಸಿಕೊಂಡ ಹುಡುಗನ ಹಾಗೆ ಬರತೊಡಗಿದರು.

ಸರ್ ಅಲ್ಲ ಅಂದರೆ ಯಾರು, ಜೆರೋಟಿಚ್ ಮುಟ್ಟಿದಳೇ, ಛೆ, ಕಲ್ಲೂರಿನಲ್ಲಿ ಕೊಳವೆ ಕೊಟ್ಟವಳು, ಕೀನ್ಯಾದವಳು, ತನ್ನ ದೇಶದ ಸರದಿ ಮುಗಿದರೂ ಓಟದ ಜೊತೆಗೇ ಬಂದು ದಿನಕ್ಕೊಂದು ತುಂಡು ಓಡುವವಳು, ಬಡಕಲು ಕಾಲು, ಬೋಳಿಸಿದ ತಲೆ, ಕೊಳವೆ ಕೊಡುವಾಗ ಅವಳು ನಕ್ಕದ್ದು ನೋಡಿ ಮೌನೇಶ್ವರಿಗೆ ಕೈ ಚಾಚಲು ಮರೆತೇ ಹೋಗಿತ್ತು – ಅವಳ ಹಲ್ಲಿನ ಮೇಲೂ ಅದೇ ಗೆರೆ, ಕಂದು, ಅಡ್ಡಡ್ಡ, ಸಮುದ್ರದ ಆಚೆಯ ದೇಶದಲ್ಲೂ ನೆಲದೊಳಗಿನ ನೀರು ಅದೇ ಕೆಲಸ ಮಾಡಿದೆ. ವ್ಯತ್ಯಾಸ ಒಂದೇ, ಜೆರೋಟಿಚ್ ಕೈ ಅಡ್ಡ ಹಿಡಿಯಲಿಲ್ಲ. ತನ್ನ ಹಲ್ಲು ತೋರಿಸಿ, ಮೌನೇಶ್ವರಿಯ ಹಲ್ಲಿನ ಕಡೆ ಬೆರಳು ಮಾಡಿ, ಮತ್ತೆ ತನ್ನದು ತೋರಿಸಿ, ಅಕ್ಕತಂಗಿಯರ ಸೀರೆ ಒಂದೇ ಬಣ್ಣದ್ದಾದರೆ ನಗುತ್ತಾರಲ್ಲ, ಹಾಗೆ ನಕ್ಕು ಬೆನ್ನು ತಟ್ಟಿ ಓಡು ಎಂದಿದ್ದಳು. ಅವಳು ಕೊಟ್ಟ ಕೊಳವೆಗೆ ಈ ಸೀಸೆ ಇಟ್ಟದ್ದು ಮೌನೇಶ್ವರಿಯೇ, ದೊಡ್ಡವರ ಫೋಟೋ ಮುಗಿದು ಸರ್ ಕೈಯಿಂದ ತೆಗೆದುಕೊಂಡ ಮೇಲೆ ಗಾಡಿಯಲ್ಲಿ ಕಲ್ಲೂರಿಗೆ ಬರುವ ತನಕ ಸೊಂಟದ ಚೀಲದಿಂದ ಬೇರೆಲ್ಲೂ ಹೋಗಿಲ್ಲ, ಮುಚ್ಚಳ ಯಾರೂ ಮುಟ್ಟಿಲ್ಲ, ಹಾಗಾದರೆ ಸೋರುವುದೇಕೆ, ನಿನ್ನೆ ಸಂಜೆ ಬೋರಿನ ಹತ್ತಿರ ತುಂಬಿಸಿ ಅವಳೇ ತಿರುಗಿಸಿದ ಮುಚ್ಚಳ, ಗಟ್ಟಿಯಾಗಿ, ಎರಡು ಸಲ, ಬುಡಮೇಲು ಮಾಡಿ ಅಲುಗಿಸಿ ನೋಡಿದ್ದಳು, ಒಂದು ತೊಟ್ಟು ಬಿದ್ದಿರಲಿಲ್ಲ. ಅವಳು ನಿಂತಳು. ಓಟದಲ್ಲಿ ನಿಲ್ಲಬಾರದು, ನಿಂತಳು, ಬೇವಿನ ಮರದ ನೆರಳಿಗೆ ಸರಿದು ಕೊಳವೆಯಿಂದ ಸೀಸೆ ಹೊರಗೆಳೆದಳು.

ಮುಚ್ಚಳ ಸೊಟ್ಟಗಿತ್ತು. ಒಂದು ಕಡೆ ಎದ್ದು ಒಂದು ಕಡೆ ಕೂತು, ಹಲ್ಲಿಗೆ ಹಲ್ಲು ಸೇರದೆ, ಅರ್ಧ ತಿರುವಿಗೆ ನಿಂತುಬಿಟ್ಟಿತ್ತು. ಈ ಸೊಟ್ಟ ಮುಚ್ಚಳ ಅವಳಿಗೆ ಗೊತ್ತು, ಹುಟ್ಟಿದಾಗಿನಿಂದ ಗೊತ್ತು, ಮನೆಯ ಉಪ್ಪಿನಕಾಯಿ ಡಬ್ಬಿ, ಮೊಣಕಾಲಿಗೆ ಹಚ್ಚುವ ಎಣ್ಣೆಯ ಸೀಸೆ, ಅಪ್ಪನ ಗುಳಿಗೆ ಡಬ್ಬಿ, ಎಲ್ಲದರ ಮೇಲೂ ಹೀಗೇ ಕೂತಿರುತ್ತದೆ, ಬೆರಳ ಗಂಟುಗಳು ಕಟ್ಟಿಗೆಯಾದ ಕೈಗೆ ಮುಚ್ಚಳ ಪೂರ್ತಿ ತಿರುಗಿಸಲು ಆಗುವುದಿಲ್ಲ, ಗೂಡಿನೊಳಗೆ ಎಣ್ಣೆ ಸೋರಿ ಅಂಟಂಟು, ಅವಳೇ ಮತ್ತೆ ತೆಗೆದು ಸರಿ ಮಾಡುವಳು, ಯವ್ವಾ, ನಿನ್ನ ಕೈಯಾಗ ಮುಚ್ಚಳ ಕೊಟ್ರ ಕೃಷ್ಣಾ ಹೊಳಿ ಸೈತ ಸೋರಿ ಹೋಗತದ, ಎಂದು ಗೇಲಿ ಮಾಡುವಳು, ಅವ್ವ ಬಾಯಿಗೆ ಸೆರಗು ಮುಚ್ಚಿ ನಗುವಳು. ಅವ್ವ. ಅಮರಮ್ಮ. ಇಲ್ಲ ಇಲ್ಲ, ಅವ್ವ ಹಾಗೆ ಮಾಡಿಲ್ಲ, ಆದರೆ ಬೆಳಿಗ್ಗೆ ಸೀಸೆ ಗೂಡಿನಲ್ಲಿ ಮಿಂಚುತ್ತಿತ್ತಲ್ಲ, ರಾತ್ರಿ ಇಟ್ಟಾಗ ಹೊರಮೈಯೆಲ್ಲ ಒದ್ದೆ ಇತ್ತು, ಬೆಳಗಾಗುವುದರೊಳಗೆ ಗೆರೆ ಕಟ್ಟಿರಬೇಕಿತ್ತು, ಕಟ್ಟಿರಲಿಲ್ಲ, ನೋಡು ಹೆಂಗ ತಿಕ್ಕಿ ಇಟ್ಟೀನಿ, ಊರ ಮರ್ಯಾದಿ ಅದು, ಎಂದಿದ್ದಳು ಅವ್ವ, ಬೆರಳಿಗಿನ್ನೂ ಹುಣಸೆಹಣ್ಣಿನ ಕಂದು ಹತ್ತಿತ್ತು, ಮೌನೇಶ್ವರಿ ಅದನ್ನು ನೋಡಿ ಖುಷಿಪಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು, ಎಷ್ಟು ದಡ್ಡಿ. ಏನಾತು ಮೌನಾ, ಎಂದು ಸರ್ ಹಿಂದಿನಿಂದ ಕೂಗಿದರು. ಏನಿಲ್ರಿ. ಮುಚ್ಚಳ ಸರಿಯಾಗಿ ತಿರುಗಿಸಿದಳು, ಸೀಸೆ ಕೊಳವೆಗಿಟ್ಟಳು, ಓಡಿದಳು.

ಸಿಟ್ಟಿಗೆ ಕಾಲು ಜೋರಾಯಿತು. ನಾಲ್ಕು ದಿನದ ಹಿಂದೆ ಅವ್ವ ರೊಟ್ಟಿ ತಟ್ಟುತ್ತ ತಲೆಯೆತ್ತದೆ ಕೇಳಿದ್ದಳು, ಆ ಸೀಸೆ ಮ್ಯಾಲ ಊರ ಹೆಸರು ಬರೀತಾರೇನು. ಬರೀತಾರ ಯವ್ವಾ. ಟೀವ್ಯಾಗ ತೋರಸ್ತಾರೇನು, ಇಂಥಾ ಊರ ನೀರು ಕೆಟ್ಟೇದ ಅಂತ. ಎಲ್ಲಾ ದೇಶದಾಗೂ ತೋರಸ್ತಾರ ಬೇ, ಮೌನೇಶ್ವರಿ ಹೆಮ್ಮೆಯಿಂದ ಹೇಳಿದ್ದಳು, ಪೇಪರಿನಾಗ ಪಟ್ಟಿ ಬರತದ, ಆಗ ಯಾರೂ ಸುಮ್ಮನಿರಾಕ ಆಗಂಗಿಲ್ಲ. ರೊಟ್ಟಿ ಒಂದು ಕಡೆ ಹೊತ್ತಿ ಹೋಯಿತು, ತಗಿ ತಗಿ ಎಂದಳು ಅವ್ವ, ಅಷ್ಟೇ. ಬರುವ ಭಾನುವಾರ ಸಿಂಧನೂರು ಕಡೆಯವರು ತಂಗಿ ಸುಮಂಗಲಾಳನ್ನು ನೋಡಲು ಬರುವವರು, ಹುಡುಗನಿಗೆ ಸರ್ಕಾರಿ ಕೆಲಸ, ಬರುವ ಮೊದಲೇ ಊರಿನ ಬಗ್ಗೆ ವಿಚಾರಿಸುತ್ತಿದ್ದಾರೆ, ನೀರು ಹೆಂಗದ ನಿಮ್ಮೂರಾಗ, ಎಂದು ಎಲ್ಲರೂ ಕೇಳುವುದು ಮೊದಲು ಅದನ್ನೇ, ಸುತ್ತಿನ ಹತ್ತು ಊರಲ್ಲಿ ಅವರ ಊರಿನಿಂದ ಹೆಣ್ಣು ತರಲು ಹೆದರುತ್ತಾರೆ, ಮೂರು ವರ್ಷದ ಹಿಂದೆ ಮೌನೇಶ್ವರಿಯನ್ನು ನೋಡಲು ಬಂದಿದ್ದ ಹುಡುಗನ ಸೋದರತ್ತೆ ಅವಲಕ್ಕಿ ತಿಂದು ಮುಗಿಸಿ, ಹುಡುಗಿ ಛಲೋ ಅದಾಳ್ರೀ, ಓದ್ಯಾಳ, ಓಡ್ತಾಳ, ಆದ್ರ ಆ ನೀರು ಎಲುವಿನಾಗ ಕುಂತಿರತದ, ನಾಳೆ ಹುಟ್ಟೋ ಕೂಸಿಗೂ ಹಿಂಗ ಆದ್ರ, ಎಂದು ಚಪ್ಪಲಿ ಮೆಟ್ಟಿಕೊಂಡಿದ್ದಳು. ಸುಮಂಗಲಾಳ ಹಲ್ಲು ಮಾತ್ರ ಮಲ್ಲಿಗೆ ಮೊಗ್ಗು. ಹಾಲುಹಲ್ಲು ಬೀಳುವ ಮೊದಲೇ ಅವಳನ್ನು ದೇವಸುಗೂರಿನ ಚಿಗವ್ವನ ಮನೆಗೆ ಬಿಟ್ಟುಬಂದಿದ್ದಳು ಅವ್ವ, ಅಲ್ಲಿ ಕೃಷ್ಣೆಯ ಸಿಹಿ ನೀರು, ಹದಿನಾರರ ತನಕ ಅಲ್ಲೇ ಬೆಳೆದಳು, ಬಿಟ್ಟುಬಂದ ದಿನ ಮೌನೇಶ್ವರಿಗೆ ಐದು ವರ್ಷ, ನಾನೂ ಬರತೀನಿ ಎಂದು ಬಸ್ಸಿನ ಬಾಗಿಲು ಹಿಡಿದು ಅತ್ತದ್ದು ನೆನಪಿದೆ, ಬ್ಯಾಡ, ನೀನು ಇಲ್ಲೇ ಇರು, ಮನಿಗೆ ನೀರು ತರಾಕ ಯಾರರ ಬೇಕಲ್ಲ, ಎಂದು ಅವ್ವ ಅವಳ ಬೆರಳನ್ನು ಒಂದೊಂದಾಗಿ ಬಿಡಿಸಿದ್ದು ನೆನಪಿದೆ. ಆಗ ಅವ್ವನ ಬೆರಳು ಚೆನ್ನಾಗಿ ಮಡಚುತ್ತಿದ್ದವು.

ಹೋಗಲಿ ಬಿಡು ಎಂದು ಎಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾಳೆ, ಇಬ್ಬರನ್ನು ಚಿಗವ್ವ ಎಲ್ಲಿ ಸಾಕುತ್ತಿದ್ದಳು, ಅವ್ವ ತಾನೇನು ಸಿಹಿ ನೀರು ಕುಡಿದಳೇ, ಅವಳೂ ಅದನ್ನೇ ಕುಡಿದು ಕಟ್ಟಿಗೆಯಾದಳು, ಸುಮಂಗಲಾ ಮೇಲೆ ಸಿಟ್ಟಿಲ್ಲ, ಅದು ಕೂಸು, ಅಕ್ಕಾ ನಿನ್ನ ಬೂಟು ಒರಸಿ ಇಟ್ಟೀನಿ ಎಂದು ಬೆಳಿಗ್ಗೆ ಅವಳೇ ಲೇಸು ಕಟ್ಟಿದಳು. ಆದರೆ ಈಗ ಮತ್ತೆ. ಒಮ್ಮೆ ಅಲ್ಲ, ಎರಡನೆಯ ಸಲ, ಅದೇ ಕೈ, ಒಬ್ಬಳಿಗೆ ಸಿಹಿ ನೀರು ಕೊಟ್ಟು ಇನ್ನೊಬ್ಬಳನ್ನು ಸವಳಿಗೆ ಬಿಟ್ಟಿತು, ಮತ್ತು ಈ ಸಲ ಅವಳೊಬ್ಬಳನ್ನೇ ಅಲ್ಲ, ಅಪ್ಪನನ್ನು, ಊರಿನ ಶಾಲೆಯಲ್ಲಿ ಅವಳು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವ ನಲವತ್ತು ಹುಡುಗರನ್ನು, ಆರನೆಯ ಕ್ಲಾಸಿನ ಕೊಟ್ರೇಶನನ್ನು, ಕುಕ್ಕುರುಗಾಲಲ್ಲಿ ಕೂತರೆ ಏಳಲಾರದೆ ಟೀಚರ್ರೀ ಎಂದು ಕೈ ಚಾಚುವವನನ್ನು – ಎಲ್ಲರನ್ನೂ. ಕೇಳಿದ್ದರೆ, ಮೌನಾ, ಬ್ಯಾಡ, ತಂಗಿ ಲಗ್ನ ಆಗೂತನ ತಡಿ, ಎಂದು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಹೇಳಲಿಲ್ಲ, ಅವಳು ಮಲಗಿದ ಮೇಲೆ ಎದ್ದು, ಆ ಕೈಯಲ್ಲಿ, ಎಷ್ಟು ಹೊತ್ತು ಹಿಡಿಯಿತೋ ಮುಚ್ಚಳ ತೆಗೆಯಲು, ಊರ ನೀರು ಚೆಲ್ಲಿ, ಬಂದವರಿಗೆಂದು ತಟ್ಟೆ ಮುಚ್ಚಿಟ್ಟಿರುವ ಕೊಡದಿಂದ ಪೀರಾ ಸಾಬನ ನೀರು ತುಂಬಿಸಿ, ಬೆಳಿಗ್ಗೆ ನಗುತ್ತ ಹಣೆಗೆ ಕುಂಕುಮ ಇಟ್ಟು ಕಳಿಸಿದಳು. ಆ ಕೊಡ ಮನೆಯವರು ಯಾರೂ ಮುಟ್ಟುವಂತಿಲ್ಲ, ಮನೆಗೆ ಬಂದವರಿಗೆ ನಮ್ಮ ನೀರು ಹೆಂಗ ಕೊಡಬೇಕು, ನಾಚಿಕಿ ಆಗತದ, ಎನ್ನುವಳು, ಬೇಸಿಗೆಯಲ್ಲಿ ಅಪ್ಪ ಗಂಟಲು ಒಣಗಿ ಕೇಳಿದರೂ ಅದರಿಂದ ಒಂದು ಗುಟುಕು ಕೊಟ್ಟವಳಲ್ಲ.

ನೀರಮಾನ್ವಿ ಬಂತು, ಎಲ್ಲಮ್ಮನ ಗುಡಿಯ ಕಡೆಯ ಕಮಾನು, ಕಾಯಿ ಅಂಗಡಿ, ಜನ ಚಪ್ಪಾಳೆ ತಟ್ಟಿದರು, ಬಾಟಲಿ ಹಿಡಿದು ಯಾರೋ ಕುಡೀರಿ ಅಕ್ಕಾರೆ ಎಂದರು, ಬೇಡವೆಂದು ಕೈಯಾಡಿಸಿದಳು, ಗುಡಿ ದಾಟಿ ಬಲಗಡೆ ಒಂದು ಕೈಪಂಪು, ಮೂತಿಗೆ ಕೆಂಪು ಬಣ್ಣ, ಕುಡಿಯಬಾರದು ಅಂತ ಗುರುತು, ಅದರ ಕೆಳಗಿನ ಕಲ್ಲಿನ ಮೇಲೆ ಬಿಳಿ ಪೊರೆ ದೂರದಿಂದಲೇ ಕಾಣುತ್ತಿತ್ತು. ಕಾಲು ತಾನಾಗಿ ಅತ್ತ ಎಳೆಯಿತು. ಒಂದು ನಿಮಿಷದ ಕೆಲಸ, ಈ ಸಪ್ಪೆ ನೀರು ಚೆಲ್ಲಿ ಆ ನೀರು ತುಂಬಿಸಿದರೆ ಆಯಿತು, ಕೆಟ್ಟ ನೀರು ಕೆಟ್ಟ ನೀರೇ, ಯಾರಿಗೆ ಗೊತ್ತಾಗುತ್ತದೆ, ಸರ್ ನೋಡಿದರೂ ನೋಡದ ಹಾಗೆ ಇರುತ್ತಾರೆ, ಇವತ್ತು ಅವರು ಅವಳಿಗೆ ಅಷ್ಟು ಬಾಕಿ ಇದ್ದಾರೆ. ಪಂಪಿನ ಹತ್ತಿರ ಬಂದಳು, ಹಿಡಿಕೆ ಮುಟ್ಟಿದಳು, ಕಾದ ಕಬ್ಬಿಣ, ಕೈ ಚುರುಕ್ಕೆಂದಿತು. ಬೇರೆ ಊರ ನೀರಿಗೆ ತನ್ನ ಊರ ಹೆಸರು, ಅವ್ವ ಮಾಡಿದ್ದೂ ಇದೇ ಅಲ್ಲವೇ, ಅವಳಿಗೂ ತನಗೂ ಏನು ವ್ಯತ್ಯಾಸ. ಹಿಡಿಕೆ ಬಿಟ್ಟಳು. ಹೇಳಿಬಿಡುವುದು, ಇದು ನಮ್ಮೂರ ನೀರಲ್ರಿ, ಎಂದು ಎಲ್ಲರ ಮುಂದೆ ಹೇಳಿಬಿಡುವುದು, ಸೋರಿದ್ದಕ್ಕೆ ಒಡೆದದ್ದಕ್ಕೆ ಇರಲಿ ಅಂತ ಪೆಟ್ಟಿಗೆಯಲ್ಲಿ ಖಾಲಿ ಸೀಸೆಗಳಿವೆ, ಆದರೆ ಊರ ನೀರು ಎಲ್ಲಿಂದ ತರುವುದು, ಓಟ ನಿಲ್ಲುವುದಿಲ್ಲ, ಪೆಟ್ಟಿಗೆ ಮಧ್ಯಾಹ್ನಕ್ಕೇ ಮುಂದೆ ಹೋಗುತ್ತದೆ, ಊರಿಗೆ ಹೋಗಿ ಬರುವಷ್ಟರಲ್ಲಿ ಮುಗಿದಿರುತ್ತದೆ, ಆದರೂ ಹೇಳುವುದು, ನಮ್ಮೂರ ನೀರಲ್ಲ, ಎಡ ಬಲ, ನಮ್ಮೂರ ನೀರಲ್ಲ, ಎಡ ಬಲ, ಕಾಲುವೆ ಕೆಳಗಿನ ಭತ್ತದ ಗದ್ದೆಗಳು ಹಸಿರಾಗಿ ಶುರುವಾದವು, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಗಾಳಿಯಲ್ಲಿ, ನಮ್ಮೂರ ನೀರಲ್ಲ, ಕೊಳವೆಯ ಮೇಲೆ ಬಿಸಿಲು ಹೊಳೆದು ಕಣ್ಣಿಗೆ ಹೊಡೆಯುತ್ತಿತ್ತು, ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ.

ಮಾನ್ವಿ, ಹಲಗೆ ಬಾರಿಸುವ ಸದ್ದು, ಶಾಮಿಯಾನ, ಮುಂದಿನ ತುಂಡು ಓಡಬೇಕಾದ ಜಹೀರ್ ಎಂಬ ಹುಡುಗ ತನ್ನ ಸೀಸೆ ಹಿಡಿದು ನಿಂತಲ್ಲೇ ಕುಣಿಯುತ್ತಿದ್ದ, ಮೇಜಿನ ಹಿಂದೆ ಪೆಟ್ಟಿಗೆಯೂ ವಹಿಯೂ ಹಿಡಿದ ಜಬೀನ್, ಓಟದವರ ಕಡೆಯ ಹುಡುಗಿ, ಅವಳ ಪಕ್ಕ ಗಾಡಿಯಲ್ಲಿ ಮುಂಚೆಯೇ ಬಂದು ಕೂತ ಜೆರೋಟಿಚ್, ಮತ್ತು ಜನರನ್ನು ತಡೆದ ಹಗ್ಗದ ಆಚೆ, ಎಲ್ಲರಿಗಿಂತ ಮುಂದೆ, ಅವ್ವ. ಲಗ್ನಕ್ಕೆ ಉಡುವ ಇಳಕಲ್ ಸೀರೆ ಉಟ್ಟು, ಬಾಯಿಗೆ ಸೆರಗು, ಪಕ್ಕದಲ್ಲಿ ಸುಮಂಗಲಾ ಅಕ್ಕಾ ಅಕ್ಕಾ ಎಂದು ಕೈ ಬೀಸುತ್ತ. ಕಾಲು ನಿಂತಿತು, ತಲೆಯೊಳಗೆ ಮಾತ್ರ ಇನ್ನೂ ಓಡುತ್ತಿತ್ತು, ನಮ್ಮೂರ ನೀರಲ್ಲ ನಮ್ಮೂರ ನೀರಲ್ಲ, ಬಾಯಿ ಬಿಟ್ಟಳು, ಒಣಗಿದ ಗಂಟಲಿನಿಂದ ಸದ್ದು ಹೊರಡಲಿಲ್ಲ, ಜಬೀನ್ ಕೊಳವೆಯಿಂದ ಸೀಸೆ ತೆಗೆದು ಬೆಳಕಿಗೆ ಹಿಡಿದು, ಎಷ್ಟು ತಿಳಿ ಅದ ಮೇಡಂ, ಇದು ನಿಮ್ಮೂರ ನೀರ ಹೌದಲ್ರಿ, ಇಲ್ಲಿ ಸಹಿ ಮಾಡ್ರಿ, ಎಂದಳು. ಅಷ್ಟರಲ್ಲಿ ಅವ್ವ ಹಗ್ಗದ ಕೆಳಗೆ ನುಸುಳಿ, ಬಗ್ಗದ ಸೊಂಟವನ್ನು ಹೇಗೋ ಬಗ್ಗಿಸಿ, ಬಂದೇಬಿಟ್ಟಳು, ಕೈಯಲ್ಲಿ ಬಟ್ಟೆ ಸುತ್ತಿದ ತಂಬಿಗೆ, ಸರೀರಿ ಸರೀರಿ, ನನ್ನ ಮಗಳು ಬಿಸಲಾಗಿಂದ ಬಂದಾಳ, ಮದಲ ನೀರು ಕುಡೀಲಿ, ಆಮ್ಯಾಲೆ ನಿಮ್ಮ ಸಹಿ ಗಿಹಿ, ತಗೊಳವ್ವಾ ಕುಡಿ, ಮನಿ ನೀರು ತಂದೀನಿ, ಹೊರಗಿನ ನೀರು ನಿನಗ ಆಗಿಬರಂಗಿಲ್ಲ.

ಮನೆಯ ನೀರು. ಬೆಳಿಗ್ಗೆ ಬೋರಿನಿಂದ ಹಿಡಿದು, ಬಟ್ಟೆ ಒದ್ದೆ ಮಾಡಿ ತಣ್ಣಗಿರಲೆಂದು ಸುತ್ತಿ, ಎರಡು ಬಸ್ಸು ಬದಲಿಸಿ, ತೊಡೆಯ ಮೇಲೆ ಇಟ್ಟುಕೊಂಡು ತಂದ ನೀರು. ಪ್ರೀತಿಯಿಂದಲೇ ತಂದದ್ದು, ಅದರಲ್ಲಿ ಸುಳ್ಳಿಲ್ಲ, ಅದಕ್ಕೇ ಎದೆ ಇಷ್ಟು ಉರಿಯುವುದು, ದೇಶದೇಶಕ್ಕೆ ಹೋಗುವ ಸೀಸೆಗೆ ಸಿಹಿ ನೀರು, ಬಾಯಾರಿ ಬಂದ ಮಗಳಿಗೆ ಸವಳು ನೀರು, ಅವ್ವನಿಗೆ ಇದು ಹೊಳೆದೇ ಇಲ್ಲ, ಹೊಳೆದಿದ್ದರೆ ತರುತ್ತಿದ್ದಳೇ, ತಂಬಿಗೆಯ ಕೊರಳೊಳಗೆ ನೀರು ಮುಟ್ಟುವ ಮಟ್ಟಕ್ಕೆ ಸ್ವಲ್ಪ ಮೇಲೆ ಸುತ್ತಲೂ ಬಿಳಿ ಗೆರೆ. ಮೌನೇಶ್ವರಿ ತಂಬಿಗೆ ತೆಗೆದುಕೊಂಡಳು, ತುಟಿಯ ತನಕ ತಂದಳು, ನಾಲಿಗೆಗೆ ಆ ಒಗರು ಮುಟ್ಟಿದ್ದೇ ಗಂಟಲು ಬಿಚ್ಚಿತು, ಅಲ್ರಿ, ಎಂದಳು, ಆ ಸೀಸೇದು ನಮ್ಮೂರ ನೀರಲ್ಲ, ಇದು ನಮ್ಮೂರ ನೀರು, ಇದರಾಗಿಂದ ತುಂಬಿಸಿಕೊಳ್ರಿ. ಬಾಯಿಗೆ ಕೈ ಅಡ್ಡ ಬಂದಿರಲಿಲ್ಲ. ಜಬೀನ್ ಆನಂದ ಸರ್ ಕಡೆ ನೋಡಿದಳು, ಸರ್ ತಲೆ ತಗ್ಗಿಸಿ ಹೂಂ ಎಂದರು, ಸುಮಂಗಲಾಳ ಬೀಸುವ ಕೈ ಗಾಳಿಯಲ್ಲೇ ನಿಂತಿತು, ಯಾಕಬೇ, ಎಂದಳು ಅವ್ವ, ಬರೀ ಅಷ್ಟೇ, ಸೆರಗು ಬಾಯಿಂದ ಜಾರಿತ್ತು, ಮಗಳೇ ಹೀಗೆ ಮಾಡಿದಳಲ್ಲ ಎಂದು ನೋಡುವ ಆ ನೋಟ, ಹನ್ನೊಂದು ಕಿಲೋಮೀಟರ್ ಉದ್ದಕ್ಕೂ ಮೌನೇಶ್ವರಿಯ ಮುಖದಲ್ಲಿದ್ದ ಅದೇ ನೋಟ, ಮಡಚಲಾಗದ ಬೆರಳುಗಳು ತಂಬಿಗೆ ಹಿಡಿದಷ್ಟೇ ಅಗಲಕ್ಕೆ ಇನ್ನೂ ತೆರೆದೇ ಇದ್ದವು. ಜಬೀನ್ ಖಾಲಿ ಸೀಸೆ ತೆಗೆದು ಹಿಡಿದಳು, ಮೌನೇಶ್ವರಿ ಬಗ್ಗಿಸಿದಳು, ನೀರು ಸಣ್ಣಗೆ ಇಳಿಯಿತು, ತಂಬಿಗೆಯೊಳಗೆ ನೀರಿನ ಮಟ್ಟ ಕೆಳಗೆ ಕೆಳಗೆ ಹೋದಂತೆ ಒಂದು ಬಿಳಿ ಗೆರೆ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಹುಣಸೆಹಣ್ಣಿಗೂ ಹೋಗದವು, ಅವ್ವನ ಬೆರಳು ಮುಟ್ಟಲಾರದವು, ತಳದ ಹತ್ತಿರ, ಇನ್ನೂ ಒಂದು ಬಿಳಿ ಗೆರೆ.